ಪಾಚಿ ಕಲ್ಲಿನ ಮೇಲೆ ಯಾವ ಸೋಲ್ ನಿಲ್ಲುತ್ತೆ?

ಇವತ್ತಿನ ಎಪಿಸೋಡ್ ನಿಮ್ಮ ಕಾಲಡಿಯ ವಿಷಯ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ, ಅಂದ್ರೆ 89 ವರ್ಷ ಆದ್ಮೇಲೆ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಬಯಲುಸೀಮೆಯವರಾದ ನಮಗೆ ಹರಿಯೋ ನೀರು ಅಂದ್ರೆ ಹಬ್ಬ. ಆದ್ರೆ ನೀರಲ್ಲಿ ನಡೆಯೋ ಅಭ್ಯಾಸ ನಮಗೆ ಕಡಿಮೆ. ಹೊಸದುರ್ಗದ ಕೆಲ್ಲೋಡು ಹತ್ರ ವೇದಾವತಿಗೆ ಇಳಿಯಲಿ, ಹೊಳಲ್ಕೆರೆ ಕಡೆ ಕೆರೆ ಕೋಡಿ ದಾಟಲಿ, ಎಷ್ಟೋ ಜನರ ಕಾಲಲ್ಲಿರೋದು ಮನೆಯ ಹವಾಯಿ ಚಪ್ಪಲಿ.

ಮೊದಲು ಒಂದು ಪ್ರಶ್ನೆ. ಚಿತ್ರದುರ್ಗದ ಕೋಟೆ ಬಂಡೆ ಮೇಲೆ ಗಟ್ಟಿಯಾಗಿ ಹಿಡಿಯೋ ಶೂ ನದಿ ಕಲ್ಲಿನ ಮೇಲೆ ಯಾಕೆ ಜಾರುತ್ತೆ? ಒಣ ಬಂಡೆ ನುಣುಪಾಗಿ ಕಂಡ್ರೂ ಅದರ ಮೈ ಉಪ್ಪುಕಾಗದದ ಥರ ಒರಟು. ರಬ್ಬರ್ ಆ ಸಣ್ಣ ಸಣ್ಣ ತಗ್ಗುಗಳೊಳಗೆ ಒತ್ತಿಕೊಂಡು ಹಿಡಿತ ಕೊಡುತ್ತೆ. ನೀರಲ್ಲಿರೋ ಕಲ್ಲಿಗೆ ಪಾಚಿಯ ಲೋಳೆ ಪದರ ಇರುತ್ತೆ. ನಿಮ್ಮ ರಬ್ಬರ್ ಮುಟ್ಟೋದು ಲೋಳೆಯನ್ನ, ಕಲ್ಲನ್ನಲ್ಲ. ಹಾಗಾಗಿ ಕೆಲಸ ಒಂದೇ: ಲೋಳೆ ಸೀಳಿ ಕಲ್ಲು ಮುಟ್ಟಬೇಕು.

ನದಿಗೆ ಇಳಿದು ಮೀನು ಹಿಡಿಯೋರು ಇದಕ್ಕೆ ಮೂರು ದಾರಿ ಕಂಡುಕೊಂಡಿದ್ದಾರೆ.

ಒಂದು, ಫೆಲ್ಟ್ ಸೋಲ್. ಕಂಬಳಿ ಥರದ ಒತ್ತು ನಾರು. ನಾರುಗಳು ನೀರು ಹೀರಿ, ಲೋಳೆ ಸರಿಸಿ ಕಲ್ಲಿಗೆ ತಾಗ್ತವೆ. ಜಪಾನಿನಲ್ಲಿ ಹಳ್ಳದ ಚಾರಣಕ್ಕೆ ಹಿಂದೆ ಹುಲ್ಲಿನ ಚಪ್ಪಲಿ ಹಾಕ್ತಿದ್ದಿದ್ದೂ ಇದೇ ಲೆಕ್ಕ. ಆದ್ರೆ ಕೆಸರಿನ ದಡದಲ್ಲಿ ಫೆಲ್ಟ್ ಸುಮ್ಮನೆ ಜಾರುತ್ತೆ. ಬೇಗ ಒಣಗೋದೂ ಇಲ್ಲ, ಆ ಒದ್ದೆಯಲ್ಲಿ ಒಂದು ನದಿಯ ಜೀವಿ ಇನ್ನೊಂದು ನದಿಗೆ ಹೋಗುತ್ತೆ. ಡಿಡಿಮೋ ಅನ್ನೋ ಪಾಚಿ ಹರಡಿದ ಮೇಲೆ ನ್ಯೂಜಿಲೆಂಡ್ 2008ರಲ್ಲಿ ಮೀನು ಹಿಡಿಯೋರಿಗೆ ಫೆಲ್ಟ್ ಸೋಲ್ ನಿಷೇಧಿಸ್ತು.

ಎರಡು, ಮೆತ್ತನೆ ರಬ್ಬರ್. ಎಲ್ಲಾ ಕಡೆ ನಡೆಯುತ್ತೆ, ತೊಳೆಯೋದು ಸುಲಭ. ದಪ್ಪ ಪಾಚಿ ಮೇಲೆ ಮಾತ್ರ ಫೆಲ್ಟ್‌ಗಿಂತ ಹಿಂದೆ.

ಮೂರು, ಲೋಹದ ಮೊಳೆ ಇರೋ ರಬ್ಬರ್. ಮೊಳೆ ಪಾಚಿ ಸೀಳುತ್ತೆ. ಆದ್ರೆ ನಮ್ಮ ಗ್ರಾನೈಟ್‌ನಂಥ ಗಟ್ಟಿ ನುಣುಪು ಬಂಡೆ ಮೇಲೆ ಮೊಳೆಯೇ ಜಾರಬಹುದು.

ಸರಿ, ನಾನು ಬಿ.ಕಾಂ ಓದಿದವನು, ಖರ್ಚಿನ ಮಾತಿಗೆ ಬರ್ತೀನಿ. ವರ್ಷಕ್ಕೆರಡು ಸಲ ನೀರಿಗೆ ಇಳಿಯೋರಿಗೆ ದುಬಾರಿ ಬೂಟು ಬೇಡ. ಹಿಮ್ಮಡಿಗೆ ಪಟ್ಟಿ ಇರೋ, ರಬ್ಬರ್ ಸೋಲಿನ ಸ್ಯಾಂಡಲ್ ಅಥವಾ ಕ್ಯಾನ್ವಾಸ್ ಶೂ ಸಾಕು. ಅಂಗಡಿಯಲ್ಲೇ ಸೋಲ್ ಮೇಲೆ ಉಗುರು ಒತ್ತಿ ನೋಡಿ. ಸ್ವಲ್ಪ ಬಗ್ಗಿದ್ರೆ ಪರವಾಗಿಲ್ಲ, ಪ್ಲಾಸ್ಟಿಕ್ ಥರ ಗಟ್ಟಿ ಇದ್ರೆ ವಾಪಸ್ ಇಡಿ. ಅಂಚು ಚೂಪಾಗಿರೋ, ಹತ್ತಿರ ಹತ್ತಿರ ಗೀರಿರೋ ಸೋಲ್ ಒಳ್ಳೇದು, ಸವೆದಿದ್ದು ಬೇಡ. ಗಮ್‌ಬೂಟ್ ಅಂತೂ ಬೇಡವೇ ಬೇಡ. ಒಳಗೆ ನೀರು ತುಂಬಿದ್ರೆ ಕಾಲೆತ್ತೋದೇ ಕಷ್ಟ.

ಹೆಜ್ಜೆಗೂ ಒಂದು ಲೆಕ್ಕ ಇದೆ. ಕೈಯಲ್ಲಿ ಕೋಲು, ಮುಖ ನೀರು ಬರೋ ಕಡೆ, ಎರಡು ಆಧಾರ ಗಟ್ಟಿಯಾದ ಮೇಲೇ ಮೂರನೆಯದನ್ನ ಎತ್ತೋದು. ಹಸಿರು ಹೊಳಪಿನ ಕಲ್ಲು ಬಿಟ್ಟು ಕಲ್ಲುಗಳ ನಡುವಿನ ಜಲ್ಲಿ ಮೇಲೆ ಕಾಲಿಡಿ.

ಕೊನೆಗೊಂದು ಮಾತು. ಸೋಲ್ ಜಾರೋದನ್ನ ತಡೆಯುತ್ತೆ, ಪ್ರವಾಹವನ್ನಲ್ಲ. ರಭಸದ ನೀರು ಮೊಣಕಾಲು ಮುಟ್ಟಿದ್ರೆ ಎಂಥ ಬೂಟಿದ್ರೂ ವಾಪಸ್ ಬನ್ನಿ. ಕೋಡಿ ಮೇಲೆ ನಿಂತು ರೀಲ್ಸ್ ಮಾಡೋ ಫ್ರೆಂಡ್ ಇದ್ರೆ ಈ ಎಪಿಸೋಡ್ ಮೊದಲು ಅವರಿಗೇ ಕಳ್ಸಿ. ಮುಂದಿನ ವಾರ ಸಿಗೋಣ.