ರೇಷ್ಮೆ, ಚಿನ್ನ ಮತ್ತು ಸಂಧಿತಲ

ಕೋಲಾರದ ಸೀಮೆಯು ಚಿನ್ನ, ರೇಷ್ಮೆ, ಹಾಲುಗಳಿಗೆ ಹೆಸರಾದುದು. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿಹೋದುವು. ರೇಷ್ಮೆಯಾದರೋ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಿಪ್ಪುನೇರಳೆಯ ತೋಟಗಳಲ್ಲಿಯೂ ಹುಳುಮನೆಗಳ ಚಂದ್ರಿಕೆಗಳಲ್ಲಿಯೂ ಇಂದಿಗೂ ಬಾಳುತ್ತಿದೆ. ಈ ಎರಡು ಪದಾರ್ಥಗಳು ಒಂದೇ ಸೀರೆಯ ಮೈಯಲ್ಲಿಯೂ ಜರಿಯಲ್ಲಿಯೂ ಸೇರುವುದು ಎಲ್ಲರೂ ಬಲ್ಲ ಸಂಗತಿ. ಕೂದಲೆಳೆಗಿಂತ ಸಾವಿರ ಪಾಲು ತೆಳುವಾದ ವಿದ್ಯುತ್ಸಾಧನದೊಳಗೂ ಇವು ಸೇರಬಲ್ಲವೆಂಬುದು ಅಷ್ಟಾಗಿ ತಿಳಿದಿಲ್ಲ.

ಇಂಗಾಲವನ್ನು ಮೂಲವಾಗಿ ಉಳ್ಳ ಪದಾರ್ಥಗಳು ವಿದ್ಯುತ್ತನ್ನು ಹರಿಯಗೊಡುವುದಿಲ್ಲವೆಂದೇ ಬಹುಕಾಲ ನಂಬಿಕೆಯಿದ್ದಿತು. 1977ರಲ್ಲಿ ಶಿರಾಕಾವ, ಮ್ಯಾಕ್‌ಡಯರ್ಮಿಡ್, ಹೀಗರ್ ಎಂಬ ಮೂವರು ಪಾಲಿಅಸಿಟಿಲೀನ್ ಎಂಬ ವಸ್ತುವಿನಲ್ಲಿ ಈ ನಂಬಿಕೆಯನ್ನು ಮುರಿದರು. 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಆ ಬಳಿಕ ಇಂಥ ವಸ್ತುಗಳಿಂದ ಟ್ರಾನ್ಸಿಸ್ಟರು, ದೀಪ, ಸೌರಕೋಶಗಳನ್ನು ಕಟ್ಟುವ ವಿದ್ಯೆಯೇ ಹುಟ್ಟಿಕೊಂಡಿತು. ಇವುಗಳಲ್ಲೆಲ್ಲ ವಸ್ತುವಿನ ಒಡಲಿಗಿಂತ ಅದರ ಅಂಚೇ ಬಲವಾದುದು. ಎರಡು ವಸ್ತುಗಳು ಮುಟ್ಟಿಕೊಳ್ಳುವ ಆ ಹಾಳೆಯಂಥ ಎಡೆಯನ್ನು ಸಂಧಿತಲವೆಂದು ಕರೆಯಬಹುದು.

ವ್ಯಾಕರಣವನ್ನು ಬಲ್ಲವರಿಗೆ ಈ ಹೆಸರು ಹೊಸದಾಗಿ ತೋರದು. ‘ಮನೆ’ಗೆ ‘ಅಲ್ಲಿ’ ಸೇರಿದಾಗ ಎರಡರಲ್ಲಿಯೂ ಇಲ್ಲದ ಯಕಾರವೊಂದು ನಡುವೆ ಬರುತ್ತದೆ. ‘ಮಳೆ’ಯೊಡನೆ ‘ಕಾಲ’ ಕೂಡಿದಾಗ ಕಕಾರವು ಗಕಾರವಾಗುತ್ತದೆ. ಪದಗಳನ್ನು ಬಿಡಿಬಿಡಿಯಾಗಿ ಎಷ್ಟು ಪರೀಕ್ಷಿಸಿದರೂ ಈ ವಿಕಾರವು ಕಾಣುವುದಿಲ್ಲ. ವಸ್ತುಗಳ ಸಂಧಿಯೂ ಹೀಗೆಯೇ. ಉಪಮಾನವನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ತರವಲ್ಲ. ಪದಸಂಧಿಗೆ ಸೂತ್ರವುಂಟು, ಇಲ್ಲಿ ಸೂತ್ರವನ್ನು ಇನ್ನೂ ಹುಡುಕುತ್ತಿರುವರು.

ಸಂಧಿತಲದ ಗುಣವನ್ನು ಕೋಲಾರದ ಗಣಿಯವರು ಹೆಸರಿಡದೆಯೇ ಬಳಸಿದ್ದರು. ಪುಡಿಮಾಡಿದ ಬೆಣಚುಕಲ್ಲನ್ನು ನೀರಿನೊಡನೆ, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯಬಿಟ್ಟರೆ ಪಾದರಸವು ಚಿನ್ನದ ಕಣವನ್ನು ಅಪ್ಪಿಕೊಳ್ಳುತ್ತದೆ, ಕಲ್ಲನ್ನು ಒಲ್ಲದೆ ಬಿಡುತ್ತದೆ. ಆಯ್ಕೆಯೆಲ್ಲ ನಡೆಯುವುದು ಮೇಲ್ಮೈಯಲ್ಲಿ.

ಪೆಂಟಸೀನ್ ಎಂಬುದು ಐದು ಬೆಂಜೀನ್ ಉಂಗುರಗಳು ಸಾಲಾಗಿ ಕೂಡಿರುವ ಅಣು. ಶುದ್ಧವಾದ ಚಿನ್ನದ ಮೇಲೆ ಈ ಅಣುವು ಚಾಪೆಯಂತೆ ಮಲಗುವುದು. ಸಿಲಿಕಾನಿನ ಆಕ್ಸೈಡಿನ ಮೇಲಾದರೆ ಪೈರಿನಂತೆ ನೆಟ್ಟಗೆ ನಿಲ್ಲುವುದು. ನಿಂತಾಗ ವಿದ್ಯುತ್ಕಣವು ಪಕ್ಕದ ಅಣುವಿಗೆ ದಾಟುವುದು ಸುಲಭ, ಮಲಗಿದಾಗ ಆ ದಿಕ್ಕಿನಲ್ಲಿ ಕಷ್ಟ. ಆದಕಾರಣ ಚಿನ್ನದ ತಂತಿಯಂಚಿನಲ್ಲಿಯೇ ಹರಿವು ತಡವರಿಸುತ್ತದೆ. ಅಲ್ಲದೆ ಅಣುಗಳು ಬಂದು ಕುಳಿತೊಡನೆ ಚಿನ್ನದ ಮೈಯಿಂದ ಹೊರಚಾಚಿದ್ದ ಎಲೆಕ್ಟ್ರಾನುಗಳು ಒಳಕ್ಕೆ ಒತ್ತಲ್ಪಟ್ಟು, ಚಿನ್ನವು ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುವ ಬಲವು ಅರ್ಧದಿಂದ ಒಂದು ಎಲೆಕ್ಟ್ರಾನ್ ವೋಲ್ಟಿನಷ್ಟು ಕುಗ್ಗುವುದುಂಟು. ಚಿನ್ನವನ್ನೂ ಅಣುವನ್ನೂ ಬೇರೆಬೇರೆಯಾಗಿ ಅಳೆದು ಕೂಡಿಸಿದ ಹಳೆಯ ಲೆಕ್ಕಗಳು ತಪ್ಪಿದ್ದು ಇಲ್ಲಿಯೇ. ಗಂಧಕದ ತುದಿಯುಳ್ಳ ಅಣುಗಳ ಒಂದೇ ಪದರವನ್ನು ಚಿನ್ನಕ್ಕೆ ಮೊದಲು ಲೇಪಿಸುವುದು ಇದಕ್ಕೆ ಕಂಡುಕೊಂಡ ಪರಿಹಾರ.

ಟ್ರಾನ್ಸಿಸ್ಟರಿನಲ್ಲಿ ಹರಿವು ನಡೆಯುವುದು ವಿದ್ಯುನ್ನಿರೋಧಕ ಪದರಕ್ಕೆ ಅಂಟಿದ ಒಂದೆರಡು ಅಣುಸಾಲುಗಳಲ್ಲಿ ಮಾತ್ರ. ಮೇಲಿನ ದಪ್ಪವೆಲ್ಲ ಬಹುಮಟ್ಟಿಗೆ ಸುಮ್ಮನಿರುವುದು. ನಿರೋಧಕದ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳು ಎಲೆಕ್ಟ್ರಾನುಗಳನ್ನು ಬಲೆಯಂತೆ ಹಿಡಿಯುವುವೆಂದು 2005ರಲ್ಲಿ ಕೇಂಬ್ರಿಜ್ಜಿನ ವಿದ್ವಾಂಸರು ತೋರಿಸಿದರು. ಅನೇಕ ವಸ್ತುಗಳಿಗೆ ಎಲೆಕ್ಟ್ರಾನನ್ನು ಸಾಗಿಸುವ ಶಕ್ತಿಯೇ ಇಲ್ಲವೆಂದು ಅದುವರೆಗೆ ಹೊರಿಸಿದ್ದ ದೋಷವು ನೆರೆಯ ಮೇಲ್ಮೈಯದಾಗಿದ್ದಿತು.

ರೇಷ್ಮೆಯು ಪ್ರವೇಶಿಸುವುದು ಈ ಎಡೆಗೆ. ಗೂಡಿನ ಎಳೆಯಲ್ಲಿ ಫೈಬ್ರಾಯಿನ್ ಎಂಬ ತಿರುಳೂ ಅದರ ಸುತ್ತ ಸೆರಿಸಿನ್ ಎಂಬ ಅಂಟೂ ಇರುವುವು; ಅಂಟಿನ ಪ್ರಮಾಣ ಸುಮಾರು ನಾಲ್ಕನೆಯ ಒಂದು ಪಾಲು. ಸೋಡದ ನೀರಿನಲ್ಲಿ ಕುದಿಸಿ ಅಂಟನ್ನು ತೆಗೆದು, ತಿರುಳನ್ನು ಲಿಥಿಯಂ ಬ್ರೋಮೈಡಿನ ದ್ರಾವಣದಲ್ಲಿ ಕರಗಿಸಿ, ಲವಣವನ್ನು ತೊಳೆದು ಹರಡಿದರೆ ತಿಳಿಯಾದ ಪೊರೆ ದೊರೆಯುವುದು. 2011ರಲ್ಲಿ ತೈವಾನಿನ ಸಂಶೋಧಕರು ಈ ಪೊರೆಯನ್ನು ನಿರೋಧಕವಾಗಿಟ್ಟು ಪೆಂಟಸೀನ್ ಟ್ರಾನ್ಸಿಸ್ಟರನ್ನು ಕಟ್ಟಿ, ವಿದ್ಯುತ್ಕಣದ ಚಲನಶೀಲತೆಯು ಸುಮಾರು 23 ಎಂದು ಪ್ರಕಟಿಸಿದರು. ಇತರ ಪೊರೆಗಳ ಮೇಲೆ ಅದೇ ಪೆಂಟಸೀನಿಗೆ ದೊರೆಯುವುದು ಸಾಮಾನ್ಯವಾಗಿ ಒಂದರ ಆಸುಪಾಸು.

ಈ ಸಂಖ್ಯೆಯನ್ನು ಓದುವಾಗ ಎಚ್ಚರ ಬೇಕು. ಚಲನಶೀಲತೆಯನ್ನು ನೇರವಾಗಿ ಅಳೆಯುವುದಿಲ್ಲ. ಹರಿದ ವಿದ್ಯುತ್ತನ್ನು ಪೊರೆಯ ಧಾರಕತ್ವದಿಂದ ಭಾಗಿಸಿ ಪಡೆಯುವರು. ರೇಷ್ಮೆಯಾದರೋ ಗಾಳಿಯ ತೇವವನ್ನು ಹೀರುವ ಜಾತಿ. ವ್ಯಾಪಾರದಲ್ಲಿಯೇ ಅದರ ಒಣತೂಕಕ್ಕೆ ನೂರಕ್ಕೆ 11ರಷ್ಟು ತೇವವನ್ನು ಕೂಡಿಸಿ ಎಣಿಸುವ ವಾಡಿಕೆಯುಂಟು. ತೇವವಿದ್ದಲ್ಲಿ ಅಯಾನುಗಳು ಮೆಲ್ಲನೆ ಸಂಧಿತಲಕ್ಕೆ ಬಂದು ನೆರೆಯುವುವು, ನಿಧಾನದ ಪ್ರಯೋಗದಲ್ಲಿ ಧಾರಕತ್ವವು ಹೆಚ್ಚುವುದು. ಧಾರಕತ್ವವನ್ನು ವೇಗದ ಪ್ರಯೋಗದಿಂದ ಅಳೆದು, ಹರಿವನ್ನು ನಿಧಾನವಾಗಿ ಅಳೆದರೆ ಭಾಜಕವು ಚಿಕ್ಕದಾಗಿ ಫಲವು ಉಬ್ಬುತ್ತದೆ. ಆಗ ಪೆಂಟಸೀನಿನ ಗುಣವೆಂದು ಬರೆದಿಟ್ಟುದರಲ್ಲಿ ನೀರಿನ ಪಾಲೆಷ್ಟು ಎಂಬ ಪ್ರಶ್ನೆ ಏಳುವುದು ಸಹಜ. ಒಣಗಾಳಿಯಲ್ಲಿಯೂ ತೇವದ ಗಾಳಿಯಲ್ಲಿಯೂ ಒಂದೇ ಸಾಧನವನ್ನು, ಒಂದೇ ವೇಗದಲ್ಲಿ ಅಳೆಯದೆ ಇದಕ್ಕೆ ಉತ್ತರವಿಲ್ಲ.

ಕರಗಿಸುವ ಕೆಲಸಕ್ಕೆ ಉದ್ದವಾದ ಎಳೆ ಬೇಕಿಲ್ಲ. ಚಿಟ್ಟೆ ತೂತುಮಾಡಿ ಹೊರಬಂದ ಗೂಡು, ನೂಲು ಬಿಚ್ಚುವವರು ಕಡೆಗಿಡುವ ತ್ಯಾಜ್ಯ ಇವೂ ಸಾಕು. ಚರಕಕ್ಕೆ ಒದಗದ ಗೂಡಿಗೂ ಇಲ್ಲಿ ಬೆಲೆಯುಂಟು. ಆದರೆ ಅಂಟು ಒಂದಿಷ್ಟು ಉಳಿದರೂ ಪೊರೆಯ ಮೈ ಬದಲಾಗಿ, ಅದರ ಮೇಲೆ ಬೆಳೆಯುವ ಪೆಂಟಸೀನ್ ಬೇರೆಯಾಗುವುದು. ಆದಕಾರಣ ಸೋಡದ ನೀರು ಎಷ್ಟು ಹೊತ್ತು ಕುದಿಯಿತೆಂಬುದನ್ನೂ ಅಳತೆಯ ಸಂಖ್ಯೆಯ ಜೊತೆಗೆ ಬರೆದಿಡುವರು.