ಬೆಳ್ಳೂರು ಕ್ರಾಸಿನಲ್ಲಿ ಇಳಿದರೆ ಒಂದು ಬೆಟ್ಟ

ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತದ ಬ್ಯಾರಿ ಮನೆ ಇರಲಿಕ್ಕಿಲ್ಲ. ಮಗನ ಕೆಲಸ, ಮಗಳ ಕಾಲೇಜು, ವೀಸಾ, ಆಸ್ಪತ್ರೆ, ಏನಾದರೊಂದು ಕಾರಣ ಇದ್ದೇ ಇರುತ್ತದೆ. ಹಾಸನ, ಚನ್ನರಾಯಪಟ್ಟಣ, ಹಿರೀಸಾವೆ ದಾಟಿ ಬೆಳ್ಳೂರು ಕ್ರಾಸ್ ಬರುವ ಹೊತ್ತಿಗೆ ಬಸ್ಸಿಡೀ ನಿದ್ದೆ. ಅಲ್ಲೇ ಹೆದ್ದಾರಿಯಿಂದ ಸ್ವಲ್ಪ ಒಳಗೆ, ನಾಗಮಂಗಲ ತಾಲೂಕಿನಲ್ಲಿ, ಆದಿಚುಂಚನಗಿರಿ ಉಂಟು. ಬಿ.ಜಿ. ನಗರದ ಮೆಡಿಕಲ್ ಕಾಲೇಜಿನಿಂದಾಗಿ ಹೆಸರು ನಮಗೆ ಪರಿಚಿತ. ಬೆಟ್ಟ ಹತ್ತಿದವರು ಮಾತ್ರ ಕಡಿಮೆ.

ನಾವು ಹೋದದ್ದು ಮೂರು ಮನೆಯವರು ಸೇರಿ, ಮಕ್ಕಳು, ಉಮ್ಮಂದಿರು ಎಲ್ಲ. ನಮ್ಮ ಹುಡುಗರಿಗೆ ಚಾರಣ ಅಂದರೆ ಕುಮಾರ ಪರ್ವತ, 1,712 ಮೀಟರ್. 2024ರ ಜನವರಿ ರಜೆಯಲ್ಲಿ ಅಲ್ಲಿ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ದಾರಿಯನ್ನೇ ಕೆಲವು ತಿಂಗಳು ಮುಚ್ಚಿತ್ತು. ಆಮೇಲೆ ಆನ್‌ಲೈನ್ ಬುಕಿಂಗ್ ಬಂತು. ಅದನ್ನು ಹತ್ತಿ ಬಂದವರು ಚುಂಚನಗಿರಿ ನೋಡಿ "ಇದೇನು ಮಾರಾಯ್ರೆ, ಗುಡ್ಡ!" ಅಂದರು. ಎತ್ತರ ಸಾವಿರ ಮೀಟರ್ ಆಸುಪಾಸು, ಅದರಲ್ಲೂ ಸುತ್ತಲಿನ ನೆಲವೇ ಏಳುನೂರು ಮೀಟರಿಗಿಂತ ಮೇಲೆ.

ಆದರೆ ಘಟ್ಟದ ಕಾಡೇ ಬೇರೆ, ಬಯಲುಸೀಮೆಯ ಕಾಡೇ ಬೇರೆ. ಘಟ್ಟದಲ್ಲಿ ನೆರಳು, ತೊರೆ, ಜಿಗಣೆ. ಇಲ್ಲಿ ಕುರುಚಲು ಗಿಡ, ಮುಳ್ಳು, ಬೋಳು ಬಂಡೆ. ಬೆಳಗ್ಗೆ ಒಂಬತ್ತು ದಾಟಿತೆಂದರೆ ಬಂಡೆ ಕಾದ ಕಾವಲಿ, ನೀರುದೋಸೆ ಹೊಯ್ಯಬಹುದು. ಕುಡಿಯುವ ನೀರನ್ನು ಕೆಳಗಿನಿಂದಲೇ ಹೊರಬೇಕು, ತಲೆಗೆ ಎರಡು ಲೀಟರ್ ಹೆಚ್ಚೇನಲ್ಲ. ಸುಬಹಿ ಮುಗಿಸಿ ಹೊರಟರೆ ಬಿಸಿಲೇರುವ ಮೊದಲೇ ಇಳಿಯಬಹುದು.

ಇಳಿಯುವಾಗಲೇ ಕಷ್ಟ ಗೊತ್ತಾಗುವುದು. ಇಳಿಜಾರು ಬಂಡೆಯಲ್ಲಿ ಬೆರಳ ತುದಿ ಊರಿದರೆ ಜಾರುತ್ತದೆ. ಇಡೀ ಪಾದ ಊರಿ, ಮೊಣಕಾಲು ಸ್ವಲ್ಪ ಮಡಚಿ, ಅಡ್ಡಡ್ಡ ಇಳಿಯಬೇಕು. ನಮ್ಮ ಜೊತೆಗಿದ್ದ ಒಬ್ಬರು ಉಮ್ಮ ಹಾಗೇ ಇಳಿದು, ಓಡಿ ಇಳಿಯಲು ಹೊರಟಿದ್ದ ಮೊಮ್ಮಗನನ್ನು ಬೈದು ನಿಲ್ಲಿಸಿದರು. ಬುರ್ಖಾದ ಅಂಚನ್ನು ಕಣಕಾಲಿನ ಮೇಲೆ ಪಿನ್ ಹಾಕಿಕೊಂಡದ್ದೂ ಅವರದೇ ಉಪಾಯ. ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆಯ ತಂಟೆಯೇ ಬೇಡ. ಇನ್ನೊಂದು, ಅತ್ತರ್ ಹಚ್ಚಿಕೊಂಡು ಹೋಗಬೇಡಿ. ಇಂಥ ಬಂಡೆಬೆಟ್ಟಗಳಲ್ಲಿ ಹೆಜ್ಜೇನು ಗೂಡು ಕಟ್ಟುವುದು ಸಾಮಾನ್ಯ, ಘಾಟು ವಾಸನೆ ಅದಕ್ಕೆ ಆಗುವುದಿಲ್ಲ.

ಈ ಕಾಡು 1981ರಿಂದ ನವಿಲುಧಾಮ. ವಿಸ್ತೀರ್ಣ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಹುಡುಗರಿಗೆ ಶಾರ್ಟ್‌ಕಟ್ ಚಟ, ಮೆಟ್ಟಿಲು ಬಿಟ್ಟು ಪೊದೆಗೆ ನುಗ್ಗುತ್ತಾರೆ. ನವಿಲು ರಾತ್ರಿ ಮಲಗುವುದು ಮರದಲ್ಲಾದರೂ ಮೊಟ್ಟೆ ಇಡುವುದು ನೆಲದಲ್ಲಿ, ಪೊದೆಯ ಬುಡದಲ್ಲಿ. ನಾಲ್ಕೈದು ಮೊಟ್ಟೆಗೆ ಹೆಣ್ಣೊಂದೇ ಸುಮಾರು ನಾಲ್ಕು ವಾರ ಕಾವು ಕೊಡಬೇಕು. ಗಂಡು ಗರಿ ಬಿಚ್ಚಿ ಕುಣಿಯುವುದಷ್ಟೆ, ಮನೆವಾರ್ತೆ ಅವನಿಗೆ ಸಂಬಂಧವಿಲ್ಲ! ಬೆದರಿ ಎದ್ದ ಹೆಣ್ಣು ವಾಪಸ್ ಬರುವಷ್ಟರಲ್ಲಿ ನಾಯಿಯೋ ಮುಂಗುಸಿಯೋ ಮೊಟ್ಟೆ ಮುಗಿಸಿರುತ್ತದೆ. ಇಷ್ಟು ಚಿಕ್ಕ ಕಾಡಿನಲ್ಲಿ ಅದಕ್ಕೆ ಸರಿದು ಹೋಗಲು ಬೇರೆ ಜಾಗವೂ ಇಲ್ಲ. ಮೆಟ್ಟಿಲು ಬಿಟ್ಟು ಹೋಗುವುದಿದ್ದರೆ ಅರಣ್ಯ ಸಿಬ್ಬಂದಿಯನ್ನು ಕೇಳಿಯೇ ಹೋಗಬೇಕು.

ಬೆಟ್ಟದಲ್ಲಿ ಕಾಲಭೈರವೇಶ್ವರನ ಸನ್ನಿಧಿ, ಮಠ ಇವೆ. ಅಮಾವಾಸ್ಯೆಗೆ ಭಕ್ತರ ಜಾತ್ರೆಯೇ ನೆರೆಯುತ್ತದೆ. ಆ ದಿನ ಬಿಟ್ಟು ಹೋದರೆ ಅವರಿಗೂ ತೊಂದರೆಯಿಲ್ಲ, ನಮಗೂ ನವಿಲಿನ ಕೂಗು ಕೇಳುತ್ತದೆ. ರೈಲಿನಲ್ಲಿ ಬರುವವರಿಗೆ ಹಾಸನ–ಬೆಂಗಳೂರು ಹಳಿಯಲ್ಲಿ ಬಿ.ಜಿ. ನಗರ ನಿಲ್ದಾಣ ಉಂಟು. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಟಿಕೆಟ್ ಮಾಡಿಸಿ.