ಗಿಟಾರಿನ ಗೊರಗೊರ ಮತ್ತು ತಂಬೂರಿಯ ಜವಾರಿ

ವಿಲೆ ಪಾರ್ಲೆಯಲ್ಲಿ ಸಂಸಾರ ಹೂಡಿದವರಿಗೆ ಸದ್ದು ಹೊಸತಲ್ಲ. ನೆತ್ತಿಯ ಮೇಲೆ ವಿಮಾನ, ಪಕ್ಕದಲ್ಲಿ ಲೋಕಲ್ ಗಾಡಿ, ಕಿಟಕಿಯ ಕೆಳಗೆ ರಿಕ್ಷಾ. ಇವುಗಳ ನಡುವೆಯೇ ಮಾತನಾಡಿ, ಮಲಗಿ, ಮಕ್ಕಳಿಗೆ ಪಾಠ ಹೇಳಿಕೊಟ್ಟು ನಾವು ಇಷ್ಟು ವರ್ಷ ಕಳೆದಿದ್ದೇವೆ. ಬಿಸ್ಕೀಟಿನ ಕಾರಖಾನೆ 2016ರಲ್ಲಿ ನಿಂತ ಮೇಲೆ ಪಾರ್ಲೆಯ ಪರಿಮಳ ಹೋಯಿತು. ಸದ್ದು ಮಾತ್ರ ಉಳಿಯಿತು. ಇಂಥ ನಮ್ಮನ್ನೂ ಬೆಚ್ಚಿಬೀಳಿಸಿದ ಒಂದು ಸದ್ದು ಹೋದ ವರ್ಷ ನಮ್ಮ ಮನೆಯೊಳಗಿನಿಂದಲೇ ಎದ್ದಿತು.

ನಮ್ಮ ಮಗನಿಗೆ ಹತ್ತೊಂಬತ್ತು ವರ್ಷ. ಧೋಬಿ ತಲಾವಿನಿಂದ ಒಂದು ವಿದ್ಯುತ್ ಗಿಟಾರ್ ತಂದ. ಅದಾದ ಎರಡು ತಿಂಗಳಿಗೆ, ಯಾರೋ ಬಳಸಿ ಬಿಟ್ಟ ಎರಡು ಸಣ್ಣ ಡಬ್ಬಿಗಳನ್ನು ಕೊಂಡು ತಂದ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ತಂತಿಯಿಂದ ಜೋಡಿಸಿ, ಕಾಲಿನಿಂದ ಅದುಮಿ ನಡೆಸುವ ಈ ಡಬ್ಬಿಗಳಿಗೆ ಪೆಡಲ್ ಎಂದು ಹೆಸರು. ಒಂದು ಓವರ್‌ಡ್ರೈವ್, ಇನ್ನೊಂದು ಫಜ್. ಅವನು ಮೊದಲ ಸಲ ಫಜ್ ಅದುಮಿದಾಗ ಅಡಿಗೆಮನೆಯಲ್ಲಿ ಮಿಕ್ಸರ್ ಸುಟ್ಟಿತೆಂದು ನಾವು ಓಡಿದೆವು. ಕೆಳಗಿನ ಮನೆಯವರು ಸೊಸಾಯಿಟಿಯ ಪುಸ್ತಕದಲ್ಲಿ ದೂರು ಬರೆದರು. ಅವರದು ತಪ್ಪೆನ್ನುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆ ಗಿಟಾರಿನ ನೆಪದಿಂದ ನಮ್ಮ ಮಗ ಐದು ವರ್ಷಗಳ ಮೇಲೆ ಸಂಘದ ಮೆಟ್ಟಿಲು ಹತ್ತಿದ್ದ. ರಾಜ್ಯೋತ್ಸವಕ್ಕೆ ಒಂದು ವಚನವನ್ನು ಹಾಡುವುದೆಂದು ಹುಡುಗ ಹುಡುಗಿಯರು ಗೊತ್ತುಮಾಡಿಕೊಂಡಿದ್ದರು: ಇಬ್ಬರು ಹಾಡುವವರು, ಹಾರ್ಮೋನಿಯಂ, ತಬಲಾ, ಜೊತೆಗೆ ಇವನ ಗಿಟಾರು. ಮೊದಲನೆಯ ತಾಲೀಮಿನಲ್ಲಿ ಇವನು ಪೆಡಲ್ ಅದುಮಿದ ಕೂಡಲೆ ವಚನದ ಒಂದಕ್ಷರವೂ ಕೇಳಿಸಲಿಲ್ಲ. ಸದ್ದು ತಗ್ಗಿಸಿದರೆ ಗಿಟಾರೇ ಕೇಳಿಸಲಿಲ್ಲ. “ಆ ಡಬ್ಬಿ ಬಿಟ್ಟು ಬಾರಿಸು” ಎಂದರು ಕೆಲವರು. “ಗಿಟಾರೇ ಬೇಡ” ಎಂದರು ಹಿರಿಯರು. ಹುಡುಗ ಮನೆಗೆ ಬಂದು, ಎಲ್ಲವನ್ನೂ ಮಾರಿಬಿಡುವೆನೆಂದೂ ಇನ್ನು ಸಂಘದ ಕಡೆಗೆ ತಲೆ ಹಾಕುವುದಿಲ್ಲವೆಂದೂ ಹೇಳಿ ಖೋಲಿಯ ಬಾಗಿಲು ಹಾಕಿಕೊಂಡ.

ನಮ್ಮ ತಂದೆಯವರಿಗೆ ಎಂಬತ್ತೆರಡು ವರ್ಷ. ಧಾರವಾಡದಿಂದ ಬರುವಾಗ ಹಾಸಿಗೆಯಲ್ಲಿ ಸುತ್ತಿ ತಂದ ಮೀರಜಿನ ತಂಬೂರಿ ಈಗಲೂ ಅವರ ಮಂಚದ ಪಕ್ಕದಲ್ಲಿದೆ. ಬೆಳಿಗ್ಗೆ ಎದ್ದು ಕಾಲು ಗಂಟೆ ಅದನ್ನು ಮೀಟದೆ ಅವರು ಚಹಾ ಕುಡಿಯುವುದಿಲ್ಲ. ಮೊಮ್ಮಗನಿಗೂ ಅವರಿಗೂ ಪ್ರೀತಿಯಿದೆ, ಮಾತು ಕಡಿಮೆ. ಇವನ ಕನ್ನಡದಲ್ಲಿ ಅರ್ಧ ಹಿಂದಿ. ಅವರ ಕನ್ನಡ ಅಪ್ಪಟ ಧಾರವಾಡದ್ದು. ಆ ದಿನ ಸಂಜೆ ಅವರೇ ಎದ್ದು ಹೋಗಿ ಬಾಗಿಲು ತಟ್ಟಿದರು.

“ಏನಪಾ, ಆ ಡಬ್ಬ್ಯಾಗ ಜೇನಹುಳ ಕೂಡಿಟ್ಟೀಯೇನು? ಇನ್ನೊಮ್ಮೆ ಬಾರಸು, ಕೇಳೋಣು. ಸಣ್ಣಗ.”

ಹುಡುಗ ಒಂದೇ ತಂತಿಯನ್ನು ಮೀಟಿದ. ಮುದುಕರು ಕಣ್ಣು ಮುಚ್ಚಿ ಸದ್ದು ಅಡಗುವವರೆಗೂ ಕೇಳಿದರು. ಆಮೇಲೆ, “ಇದು ಜವಾರಿ ಅಲ್ಲೇನೋ!” ಎಂದರು.

“ಜವಾರಿ ಅಂದರೆ ಊರ ಸೌತೆಕಾಯಿ ಅಲ್ಲವಾ ಅಜ್ಜಾ?” ಎಂದ ಹುಡುಗ. ಅಜ್ಜ ನಕ್ಕು ತಂಬೂರಿಯನ್ನು ತರಿಸಿದರು.

ತಂಬೂರಿಯನ್ನು ಹತ್ತಿರದಿಂದ ನೋಡಿದ ವಾಚಕರಿಗೆ ಅದರ ಕುದುರೆ ಚೂಪಾಗಿಲ್ಲ, ಅಗಲವಾಗಿ ತುಸು ಬಾಗಿದೆ ಎಂಬುದು ಗೊತ್ತು. ತಂತಿ ಕಂಪಿಸುವಾಗ ಆ ಬಾಗಿದ ಮೈಯನ್ನು ಸವರುತ್ತ, ಬಿಡುತ್ತ ಇರುತ್ತದೆ. ಆ ಸವರುವಿಕೆಯನ್ನು ಹದಗೊಳಿಸಲು ತಂತಿಯ ಕೆಳಗೆ ಒಂದೆಳೆ ದಾರವನ್ನು ಸೇರಿಸುತ್ತಾರೆ. ನಮ್ಮವರು ಅದನ್ನು ಜೀವಾಳ ಎಂದು ಕರೆದದ್ದು ಸುಮ್ಮನೆ ಅಲ್ಲ. ಅಜ್ಜ ದಾರವನ್ನು ತೆಗೆದು ಮೀಟಿದರು. ನಾದ ಮಂಕಾಗಿ, ಹಲಗೆ ಬಡಿದಂತೆ ಕೇಳಿಸಿತು. ದಾರವನ್ನು ಮತ್ತೆ ಹಾಕಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಬಂದಾಗ, ಒಂದು ಜಾಗದಲ್ಲಿ ಇಡೀ ಕೋಣೆ ಝೇಂಕರಿಸಿತು. ಇನ್ನೂ ಸರಿಸಿದರೆ ಬರಿಯ ಕಿರಿಕಿರಿ. ಹುಡುಗ ಬಾಯಿ ತೆರೆದು ನೋಡುತ್ತಿದ್ದ.

ಇದರ ವಿಜ್ಞಾನವನ್ನು ನಮ್ಮ ದೇಶದವರೇ ಶೋಧಿಸಿದ್ದಾರೆ. ತಂತಿಯೊಂದನ್ನು ಮೀಟಿದರೆ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಉಪಸ್ವರಗಳೂ ಹುಟ್ಟುತ್ತವೆ. ತಂಬೂರಿಯ ಷಡ್ಜದಿಂದ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರ ಐದನೆಯ ಉಪಸ್ವರ. ತಂತಿಯನ್ನು ಸರಿ ನಡುವೆ ಮೀಟಿದರೆ ಎರಡರಷ್ಟು ಕಂಪನದ ಉಪಸ್ವರ ಹುಟ್ಟಬಾರದೆಂಬುದು ಯೂರೋಪಿನ ಪಂಡಿತರ ನಿಯಮ. ತಂಬೂರಿ, ವೀಣೆಗಳು ಈ ನಿಯಮವನ್ನು ಮೀರುತ್ತವೆಂದು ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ಬರೆದು ತೋರಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆ ಮಹನೀಯರು ಆಗ ಕಲ್ಕತ್ತೆಯಲ್ಲಿದ್ದರು. ಇಲ್ಲದ ಉಪಸ್ವರಗಳನ್ನು ತಂದುಕೊಡುವುದು ಆ ಬಾಗಿದ ಕುದುರೆ.

ಪೆಡಲಿನ ಡಬ್ಬಿ ಇದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡುತ್ತದೆ. ಬಾಗಿಲಿಗಿಂತ ಎತ್ತರದ ಮನುಷ್ಯ ಒಳಗೆ ಬರಬೇಕಾದರೆ ತಲೆ ಬಗ್ಗಿಸಲೇಬೇಕು. ಹಾಗೆಯೇ ಗಿಟಾರಿನಿಂದ ಬಂದ ವಿದ್ಯುತ್ತಿನ ಅಲೆಯನ್ನು ಮಿತಿಮೀರಿ ಹಿಗ್ಗಿಸಿದಾಗ ಅದರ ನೆತ್ತಿ ಚಪ್ಪಟೆಯಾಗಿ, ಹೊಸ ಉಪಸ್ವರಗಳು ಹುಟ್ಟುತ್ತವೆ. ಓವರ್‌ಡ್ರೈವ್ ಅಲೆಯ ತಲೆಯನ್ನು ಮೆಲ್ಲಗೆ ಬಗ್ಗಿಸುತ್ತದೆ. ಫಜ್ ಕತ್ತರಿಸಿಯೇ ಬಿಡುತ್ತದೆ.

ಈ ಫಜ್ ಹುಟ್ಟಿದ್ದೇ ಒಂದು ಕೆಟ್ಟುಹೋದ ಯಂತ್ರದಿಂದ. ಅಮೆರಿಕೆಯ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕರ ಹಾಡೊಂದನ್ನು ಮುದ್ರಿಸುವಾಗ ಉಪಕರಣದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ನರ ಮಂದ್ರದ ಗಿಟಾರು ಗೊರಗೊರ ಎಂದಿತು. ತೆಗೆದು ಹಾಕಬೇಕಾದ ಆ ಸದ್ದನ್ನು ಹಾಗೆಯೇ ಇರಿಸಿಕೊಂಡರು. 1961ರಲ್ಲಿ ಹೊರಬಂದ ಹಾಡನ್ನು ಜನ ಮೆಚ್ಚಿದರು. ಗ್ಲೆನ್ ಸ್ನಾಡಿ ಎಂಬ ತಂತ್ರಜ್ಞರು ಅದೇ ದೋಷವನ್ನು ಬೇಕೆಂದಾಗ ಹುಟ್ಟಿಸುವ ಡಬ್ಬಿಯನ್ನು ಯೋಜಿಸಿದರು. ಗಿಬ್ಸನ್ ಕಂಪನಿಯು 1962ರಲ್ಲಿ ಅದನ್ನು ಮಾಯಿಸ್ಟ್ರೋ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಗಿಟಾರಿನಿಂದ ಊದುವ ವಾದ್ಯಗಳ ನಾದವನ್ನು ಹೊರಡಿಸಬಹುದೆಂಬುದು ಅದರ ಜಾಹೀರಾತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಬಳಸಿದ ಮೇಲೆ ಜಗತ್ತಿನ ಹುಡುಗರೆಲ್ಲ ಅದರ ಬೆನ್ನು ಹತ್ತಿದರು.

ಇನ್ನು ನಾದವನ್ನು ಹದಕ್ಕೆ ತರುವ ಮಾತು. ಅಜ್ಜ ಮೊಮ್ಮಗ ಕೂಡಿ ಮೂರು ವಾರ ಹಗಲು ಹೊತ್ತಿನಲ್ಲಿ ನಡೆಸಿದ ಪ್ರಯೋಗಗಳಿಂದಲೂ, ಬಲ್ಲವರನ್ನು ಕೇಳಿಯೂ ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ. ಮನೆಯಲ್ಲಿ ಗಿಟಾರು ಹಿಡಿದ ಮಕ್ಕಳಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲನೆಯದು ಶ್ರುತಿ. ಡಬ್ಬಿ ಗುಣವನ್ನೂ ದೋಷವನ್ನೂ ಸಮವಾಗಿ ದೊಡ್ಡದು ಮಾಡುತ್ತದೆ. ಶ್ರುತಿ ಕೂದಲಷ್ಟು ತಪ್ಪಿದ್ದರೂ ಫಜ್ ಅದನ್ನು ಸಾರಿ ಹೇಳುತ್ತದೆ. “ಜೀವಾಳ ಆಮ್ಯಾಲ, ಶ್ರುತಿ ಮೊದಲ” ಎಂಬ ಅಜ್ಜನ ಮಾತು ಎರಡು ವಾದ್ಯಕ್ಕೂ ಸಲ್ಲುತ್ತದೆ.

ಎರಡನೆಯದು, ಒಮ್ಮೆಲೆ ಎಷ್ಟು ಸ್ವರ ಎಂಬ ವಿಚಾರ. ಆರೂ ತಂತಿಗಳನ್ನು ಕೂಡಿಸಿ ಫಜ್‌ನಲ್ಲಿ ಬಾರಿಸಿದರೆ ರಾಡಿಯಾಗುತ್ತದೆ. ಸ್ವರಗಳು ಒಂದನ್ನೊಂದು ತಾಗಿ, ಬೇಡದ ಸ್ವರಗಳನ್ನು ಹುಟ್ಟಿಸುತ್ತವೆ. “ಅಷ್ಟೂ ಮಂದಿ ಒಮ್ಮೆಲೆ ಮಾತಾಡಿದರ ಏನ ಕೇಳಸ್ತದ?” ಎಂದ ಅಜ್ಜ, ಸಾ–ಪಾ ಮಾತ್ರ ಬಾರಿಸಲು ಹೇಳಿದರು. ಷಡ್ಜ ಪಂಚಮಗಳ ಕಂಪನಗಳು 2ಕ್ಕೆ 3ರಂತೆ. ಅವುಗಳ ಅಂತರ 1, ಅಂದರೆ ಕೆಳಗಿನ ಷಡ್ಜ. ಆದ ಕಾರಣ ಡಬ್ಬಿ ಹೊಸದಾಗಿ ಹುಟ್ಟಿಸುವ ಸ್ವರವೂ ಶ್ರುತಿಯೊಳಗೇ ಬೀಳುತ್ತದೆ. ರಾಕ್ ಸಂಗೀತದವರು ಎರಡೇ ಸ್ವರಗಳ ಜೋಡಿಯನ್ನು ಮೆಚ್ಚಿಕೊಂಡದ್ದಕ್ಕೆ ಕಾರಣ ಇದೇ.

ಮೂರನೆಯದು ಓವರ್‌ಡ್ರೈವಿನ ಗುಂಡಿಗಳು. ಡ್ರೈವ್ ಎಂಬ ಗುಂಡಿ ಗೊರಗೊರವನ್ನೂ, ಲೆವೆಲ್ ಎಂಬುದು ಹೊರಬರುವ ಸದ್ದನ್ನೂ ನಿರ್ಧರಿಸುತ್ತವೆ. ಹೊಸಬರು ಡ್ರೈವನ್ನು ಕೊನೆಯವರೆಗೂ ತಿರುಗಿಸುತ್ತಾರೆ. ಅದನ್ನು ಪೂರ್ತಿ ಇಳಿಸಿಯೇ ಪ್ರಾರಂಭಿಸಬೇಕು. ಪೆಡಲ್ ಅದುಮಿದಾಗಲೂ ಬಿಟ್ಟಾಗಲೂ ಸದ್ದು ಒಂದೇ ಇರುವಂತೆ ಲೆವೆಲ್ ಇಟ್ಟುಕೊಂಡು, ಆಮೇಲೆ ಡ್ರೈವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಮೆಲ್ಲಗೆ ಮೀಟಿದರೆ ಸ್ವಚ್ಛವಾಗಿಯೂ ಬಿಗಿದು ಮೀಟಿದರೆ ಒರಟಾಗಿಯೂ ಕೇಳಿಸುವ ಜಾಗ ಒಂದಿರುತ್ತದೆ. ಅಲ್ಲಿ ನಿಲ್ಲಿಸಿದರೆ ನಾದ ಮತ್ತೆ ಬೆರಳಿನ ಅಧೀನಕ್ಕೆ ಬರುತ್ತದೆ.

ನಾಲ್ಕನೆಯದು ಫಜ್‌ನ ಸ್ಥಾನ. ಹಳೆಯ ರೀತಿಯ ಫಜ್ ಗಿಟಾರಿಗೆ ನೇರವಾಗಿ ತಾಗಿರಬೇಕು. ಓವರ್‌ಡ್ರೈವ್ ಅದರ ನಂತರ. ನಡುವೆ ಬೇರೆ ಉಪಕರಣ ಬಂದರೆ ಗಿಟಾರಿಗೂ ಫಜ್‌ಗೂ ಇರುವ ಕೊಡುಕೊಳ್ಳುವಿಕೆ ಕೆಡುತ್ತದೆ. ಗಿಟಾರಿನ ಮೈಮೇಲಿನ ಗುಂಡಿಯನ್ನು ಹತ್ತರಿಂದ ಆರು ಏಳಕ್ಕೆ ಇಳಿಸಿದರೆ ಅದೇ ಫಜ್ ಪಳಗಿದ ಎತ್ತಿನಂತೆ ತಗ್ಗುತ್ತದೆ. ಹಾಡುವವರು ಬಾಯಿ ತೆರೆದಾಗ ಇಳಿಸುವುದು, ಅವರು ಉಸಿರು ತೆಗೆದುಕೊಳ್ಳುವಾಗ ಏರಿಸುವುದು: ನಮ್ಮ ಹುಡುಗ ಕಲಿತ ದೊಡ್ಡ ಪಾಠ ಇದು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಮಂದ್ರವೂ ತೀರ ಮೇಲಿನ ಸ್ವರಗಳೂ ಕಡಿಮೆ ಕೇಳಿಸುತ್ತವೆ. ಆದ್ದರಿಂದ ಖೋಲಿಯಲ್ಲಿ ಒಬ್ಬನೇ ಕುಳಿತ ಹುಡುಗ ಅವೆರಡನ್ನೂ ಏರಿಸಿ, ನಡುವಿನದನ್ನು ಇಳಿಸುತ್ತಾನೆ. ಅವನಿಗೆ ಅದು ಭವ್ಯವಾಗಿ ಕೇಳಿಸುತ್ತದೆ. ಸಭಾಗೃಹದಲ್ಲಿ ಅದೇ ಮಂದ್ರ ಗುಡುಗಿ ತಬಲಾದ ಡಗ್ಗಾವನ್ನು ನುಂಗುತ್ತದೆ, ಅತಿಯಾದ ಡ್ರೈವ್ ಹಾಡಿನ ಮಾತನ್ನು ಮುಚ್ಚುತ್ತದೆ, ನಡುವಿನ ಸ್ವರವಿಲ್ಲದ ಗಿಟಾರು ತಾನೂ ಕಾಣೆಯಾಗುತ್ತದೆ. ಆ ದಿನ ತಾಲೀಮಿನಲ್ಲಿ ಆದದ್ದು ಇದೇ. ಗುಂಡಿಗಳನ್ನು ತಿರುಗಿಸಬೇಕಾದದ್ದು ಎಲ್ಲರೂ ಕೂಡಿ ಹಾಡುವಾಗ, ಸಭೆಯ ಕೊನೆಯ ಸಾಲಿನಲ್ಲಿ ಒಬ್ಬರನ್ನು ಕುಳ್ಳಿರಿಸಿ ಕೇಳಿಸಿಕೊಂಡ ಮೇಲೆ.

ಕೊನೆಗೆ ವಿದ್ಯುತ್ತಿನ ಕುರಿತು ಎರಡು ಮಾತು. ಫ್ಯಾನಿನ ರೆಗ್ಯುಲೇಟರ್, ಚೋಕ್ ಇರುವ ಟ್ಯೂಬ್‌ಲೈಟು ಗಿಟಾರಿನೊಳಗೆ ಗುಂಯ್‌ಗುಡುತ್ತವೆ. ಅವುಗಳಿಂದ ದೂರ ಸರಿದು, ದಿಕ್ಕು ಬದಲಿಸಿ ನಿಂತರೆ ಅರ್ಧ ಗೋಳು ತಪ್ಪುತ್ತದೆ. ಗುಂಯ್‌ಗುಡುವುದೆಂದು ಆಂಪ್ಲಿಫೈಯರಿನ ಪ್ಲಗ್ಗಿನ ಮೂರನೆಯ ಪಿನ್ನನ್ನು ಯಾರೂ ಕಿತ್ತುಹಾಕಬಾರದು. ಅದು ಪ್ರಾಣವನ್ನು ಕಾಯುವ ಅರ್ಥಿಂಗ್. ಬಹುತೇಕ ಪೆಡಲ್‌ಗಳಿಗೆ 9 ವೋಲ್ಟ್ ಸಾಕಾದರೂ, ಕೆಲವು ಹಳೆಯ ರೀತಿಯ ಫಜ್‌ಗಳ ಧನ ಋಣಗಳು ತಿರುಗುಮುರುಗಾಗಿರುತ್ತವೆ; ನೋಡದೆ ಜೋಡಿಸಬಾರದು. ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್ ಸೆಕೆಗೆ ದನಿ ಬದಲಿಸುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ಅದರ ನಾದ ಕೆಟ್ಟರೆ ಡಬ್ಬಿಯನ್ನು ಬಯ್ಯದೆ ತಣ್ಣಗಿನ ಜಾಗದಲ್ಲಿಡಬೇಕು. ಮಳೆಗಾಲದಲ್ಲಿ ತೇವಕ್ಕೆ ತುಕ್ಕು ಹಿಡಿದ ಸಾಕೆಟ್ಟುಗಳನ್ನು ನಮ್ಮ ಹುಡುಗ ಈಗ ತಾನೇ ಬದಲಿಸುತ್ತಾನೆ. ಬೇಕಾದ ಸಾಮಾನು ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ.

ಎರಡನೆಯ ತಾಲೀಮಿಗೆ ಅಜ್ಜ ತಾವೇ ಬಂದು ಕೊನೆಯ ಸಾಲಿನಲ್ಲಿ ಕುಳಿತರು. ಮಾತು ಕೇಳಿಸದಿದ್ದಾಗ ಕೈ ಎತ್ತಿದರು. ಏಳು ಸಲ ಎತ್ತಿದರು. ಎಂಟನೆಯ ಸಲ ಎತ್ತಲಿಲ್ಲ. ಗಿಟಾರು ಬೇಡವೆಂದಿದ್ದ ಹಿರಿಯರು ಅವರ ಪಕ್ಕದಲ್ಲಿಯೇ ಕುಳಿತಿದ್ದರು. ಇನ್ನೊಮ್ಮೆ ಆಗಲಿ ಎಂದರು.

ರಾಜ್ಯೋತ್ಸವದ ದಿನ ವಚನದ ಪ್ರತಿಯೊಂದು ಶಬ್ದವೂ ಕೊನೆಯ ಸಾಲಿಗೆ ಮುಟ್ಟಿತು. ಕಾರ್ಯಕ್ರಮ ಮುಗಿದ ಮೇಲೆ ಹುಬ್ಬಳ್ಳಿಯ ಕಡೆಯ ಅಜ್ಜಿಯೊಬ್ಬರು ನಮ್ಮನ್ನು ತಡೆದು, “ನಡುನಡುವ ಸನಾದಿ ಊದಿದವರು ಯಾರ್ರೀ? ಛಂದ ಊದಿದರು” ಎಂದು ಕೇಳಿದರು. 1962ರ ಆ ಜಾಹೀರಾತು ಸುಳ್ಳಲ್ಲವೆಂದು ನಮಗೆ ಅನ್ನಿಸಿತು. ಹುಡುಗ ಅಜ್ಜಿಯನ್ನು ಕರೆದುಕೊಂಡು ಹೋಗಿ ಡಬ್ಬಿಯನ್ನು ತೋರಿಸಿದ. ಅವರು ಕಾಲಿನಿಂದ ಒಮ್ಮೆ ಅದುಮಿಯೂ ನೋಡಿದರು.

ಪರಸ್ಥಳದಲ್ಲಿರುವ ನಮಗೆ ಮಕ್ಕಳು ಕೈಬಿಟ್ಟು ಹೋದಾರೆಂಬ ಚಿಂತೆ ಯಾವಾಗಲೂ ಇದ್ದದ್ದೇ. ಅವರು ತರುವ ಹೊಸ ಸದ್ದಿಗೆ ನಾವು ಬಾಗಿಲು ಹಾಕಿಕೊಂಡರೆ ಅವರೂ ಹಾಕಿಕೊಳ್ಳುತ್ತಾರೆ. ಸಂಘದ ಸಭಾಗೃಹವನ್ನು ತಿಂಗಳಿಗೊಂದು ರವಿವಾರ, ಮಧ್ಯಾಹ್ನ ಎರಡು ತಾಸು ಇಂಥ ಹುಡುಗರ ತಾಲೀಮಿಗೆ ಬಿಟ್ಟುಕೊಡಬೇಕೆಂದು ಕಾರ್ಯಕಾರಿ ಸಮಿತಿಗೆ ನಮ್ಮ ವಿನಂತಿ. ಕೊನೆಯ ಸಾಲಿನಲ್ಲಿ ಕುಳಿತು ಕೈ ಎತ್ತುವ ಹಿರಿಯರು ಬೇಕು, ಆಸಕ್ತಿಯುಳ್ಳವರು ತಿಳಿಸಬೇಕು.

ಅಂದ ಹಾಗೆ, ಬರುವ ರಜೆಯಲ್ಲಿ ಅಜ್ಜ ಮೊಮ್ಮಗ ಇಬ್ಬರೂ ಮೀರಜಿಗೆ ಹೊರಟಿದ್ದಾರೆ. ತಂಬೂರಿಯ ಕುದುರೆ ಸವೆದಿದೆ, ಜವಾರಿ ಮಾಡಿಸಬೇಕಂತೆ. ಅದನ್ನು ಮೊದಲು ಗುರುತಿಸಿದವನು ಮೊಮ್ಮಗ.